ಮೀಟರ್ ಬದಲಿಸುವ ಮುಂಚೆ: ಬೈಕಿನ ಗಡಿಯಾರ, ಡಿಸ್‌ಪ್ಲೇ ಕುರಿತ ಪ್ರಶ್ನೋತ್ತರ

ಈ ಸಂಚಿಕೆಗೆ ಆಯ್ದುಕೊಂಡ ಪ್ರಶ್ನೆಗಳೆಲ್ಲ ಹ್ಯಾಂಡಲ್ ಮುಂದಿನ ಮೀಟರಿಗೆ ಸೇರಿದವು. ಬರೆದವರಲ್ಲಿ ಹಲವರಿಗೆ ಗ್ಯಾರೇಜಿನಲ್ಲಿ ಸಿಕ್ಕ ಉತ್ತರ ಒಂದೇ: "ಮೀಟರ್ ಹೋಗೇದ, ಪೂರಾ ಬದಲಿಸಬೇಕು." ಡಿಜಿಟಲ್ ಮೀಟರಿಗೆ ಸಾವಿರಾರು ರೂಪಾಯಿ ಬೀಳುತ್ತದೆ. ಆದರೆ ಒಳಗಿನ ಬೋರ್ಡು ಕೆಡುವುದಕ್ಕಿಂತ ಅದಕ್ಕೆ ಕರೆಂಟು, ಸಿಗ್ನಲ್ ತಂದುಕೊಡುವ ವಾಯರು, ಫ್ಯೂಸು, ಕನೆಕ್ಟರು, ಸೆನ್ಸರು ಕೆಡುವುದೇ ಹೆಚ್ಚು. ಹಾಗಾಗಿ ಇಲ್ಲಿನ ಉತ್ತರಗಳು ಹೊರಗಿನಿಂದ ಶುರುವಾಗಿ ಕೊನೆಗೆ ಮೀಟರಿಗೆ ಬರುತ್ತವೆ. ಇನ್ನೂರು–ಮುನ್ನೂರು ರೂಪಾಯಿಯ ಸಾದಾ ಮಲ್ಟಿಮೀಟರ್ ಒಂದಿದ್ದರೆ ಇವುಗಳಲ್ಲಿ ಬಹುಪಾಲು ಪರೀಕ್ಷೆಗಳನ್ನು ಮನೆಯಂಗಳದಲ್ಲೇ ಮಾಡಬಹುದು.

ನನ್ನ 150 ಸಿಸಿ ಬೈಕಿನ ಗಡಿಯಾರ ದಿನಾ ಮುಂಜಾನೆ 12:00ಕ್ಕೆ ಬಂದು ನಿಂತಿರ್ತದ. ಟ್ರಿಪ್ ಮೀಟರೂ ಸೊನ್ನೆ. ಓಡಿದ ಒಟ್ಟು ಕಿಲೋಮೀಟರ್ ಮಾತ್ರ ಸರಿಯಾಗಿ ತೋರಸ್ತದ. ಹೋದ ತಿಂಗಳಷ್ಟೇ ಹೊಸ ಬ್ಯಾಟರಿ ಹಾಕಿಸೇನಿ. ಮೀಟರ್ ಬದಲಿ ಮಾಡಬೇಕಾ? — ಉಣಕಲ್, ಹುಬ್ಬಳ್ಳಿ

ಸದ್ಯಕ್ಕೆ ಬೇಡ. ಒಟ್ಟು ಕಿಲೋಮೀಟರ್ ಲೆಕ್ಕ ಕರೆಂಟ್ ಇಲ್ಲದಿದ್ದರೂ ಅಳಿಯದ ಮೆಮೊರಿ ಚಿಪ್ಪಿನಲ್ಲಿರುತ್ತದೆ. ಗಡಿಯಾರ ಹಾಗಲ್ಲ. ಕೀ ಆಫ್ ಆಗಿದ್ದರೂ ಅದಕ್ಕೆ ಬ್ಯಾಟರಿಯಿಂದ ಸಣ್ಣಗೆ ಕರೆಂಟ್ ಹರಿಯುತ್ತಲೇ ಇರಬೇಕು. ಅನೇಕ ಮಾಡೆಲ್‌ಗಳಲ್ಲಿ ಟ್ರಿಪ್ ಮೀಟರಿನದೂ ಇದೇ ಕಥೆ. ಅಂದರೆ ಮೀಟರಿಗೆ ಎರಡು ದಾರಿಯಿಂದ ಕರೆಂಟ್ ಬರುತ್ತದೆ: ಒಂದು ಕೀ ಮೂಲಕ, ಇನ್ನೊಂದು ಬ್ಯಾಟರಿಯಿಂದ ನೇರವಾಗಿ. ನಿಮ್ಮ ಗಾಡಿಯಲ್ಲಿ ಈ ನೇರ ದಾರಿ ಕಡಿದಿರಬೇಕು, ಇಲ್ಲವೇ ಸೆಲ್ಫ್ ಒತ್ತಿದ ಕ್ಷಣ ವೋಲ್ಟೇಜ್ ತೀರಾ ಇಳಿಯುತ್ತಿರಬೇಕು.

ಯಾವುದೆಂದು ತಿಳಿಯಲು ಸಮಯ ಸರಿಮಾಡಿ, ಕೀ ಆಫ್ ಮಾಡಿ, ಐದು ನಿಮಿಷ ಬಿಡಿ. ಆಮೇಲೆ ಸೆಲ್ಫ್ ಮುಟ್ಟದೆ ಕೀ ಮಾತ್ರ ಆನ್ ಮಾಡಿ. ಅಷ್ಟಕ್ಕೇ 12:00 ಬಂದಿದ್ದರೆ ನೇರ ಸಪ್ಲೈ ಇಲ್ಲ. ಸಮಯ ಸರಿಯಿದ್ದು, ಸೆಲ್ಫ್ ಒತ್ತಿದಾಗ ಡಿಸ್‌ಪ್ಲೇ ಒಮ್ಮೆ ಆರಿ ಹತ್ತಿಕೊಂಡು 12:00ಕ್ಕೆ ಬಂದರೆ ವೋಲ್ಟೇಜ್ ಕುಸಿಯುತ್ತಿದೆ.

ನೇರ ಸಪ್ಲೈ ಇಲ್ಲವೆಂದಾದರೆ ಮೊದಲು ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ ನೋಡಿ. ಕೆಲವು ಗಾಡಿಗಳಲ್ಲಿ ಅಲ್ಲಿಗೆ ದಪ್ಪ ವಾಯರಿನ ಜೊತೆ ತೆಳ್ಳನೆಯ ಕೆಂಪು ವಾಯರೊಂದು ಸಣ್ಣ ಉಂಗುರದ ಲಗ್‌ನೊಂದಿಗೆ ಬರುತ್ತದೆ. ಬ್ಯಾಟರಿ ಬದಲಿಸುವಾಗ ಅವಸರದಲ್ಲಿ ದಪ್ಪದ್ದನ್ನಷ್ಟೇ ಬಿಗಿದು ತೆಳ್ಳನೆಯದನ್ನು ಬಿಟ್ಟುಬಿಡುವುದುಂಟು. ಸೆಲ್ಫ್, ಹಾರ್ನ್, ಲೈಟ್ ಎಲ್ಲ ನಡೆಯುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದ ಮೇಲೆಯೇ ನಿಮಗೆ ತೊಂದರೆ ಶುರುವಾಗಿದ್ದರೆ ನಮ್ಮ ಮೊದಲ ಅನುಮಾನ ಇದರ ಮೇಲೆಯೇ.

ಅದು ಸರಿಯಿದ್ದರೆ ಫ್ಯೂಸ್ ಬಾಕ್ಸಿಗೆ ಬನ್ನಿ. ಸೀಟಿನ ಕೆಳಗೋ ಸೈಡ್ ಕವರ್ ಒಳಗೋ ಇರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಗಡಿಯಾರಕ್ಕೆ ಬೇರೆಯದೇ ಫ್ಯೂಸ್ ಇದೆ, ಉಳಿದವುಗಳಲ್ಲಿ ಮೇನ್ ಫ್ಯೂಸಿನಿಂದಲೇ ಬರುತ್ತದೆ. ಮುಚ್ಚಳದ ಒಳಬದಿಯ ಚೀಟಿ ಓದಿ. ಫ್ಯೂಸಿನ ತಂತಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಸೀಳಿರಬಹುದು. ಆದ್ದರಿಂದ ಹೊರಗೆ ತೆಗೆದು, ಮಲ್ಟಿಮೀಟರನ್ನು ಬೀಪ್‌ನಲ್ಲಿಟ್ಟು ಫ್ಯೂಸಿನ ಎರಡೂ ಕಾಲಿಗೆ ಮೊನೆ ತಾಗಿಸಿ ನೋಡಿ; ಸದ್ದು ಬಾರದಿದ್ದರೆ ಫ್ಯೂಸ್ ಹೋಗಿದೆ. ಬದಲಿಸುವಾಗ ಅದೇ ಆಂಪಿಯರಿನದು ಇರಲಿ: ಕಂದು 7.5, ಕೆಂಪು 10, ನೀಲಿ 15, ಹಳದಿ 20. ಬೀಡಿ–ಸಿಗರೇಟಿನ ಬೆಳ್ಳಿಹಾಳೆ ಸುತ್ತಿ ಹಾಕುವ ಚಾಳಿಯಿಂದ ಪೂರ್ತಿ ವಾಯರಿಂಗ್ ಸುಟ್ಟು ಕರಕಲಾಗುತ್ತದೆ.

ಫ್ಯೂಸೂ ಚೆನ್ನಾಗಿದ್ದರೆ ಹೆಡ್‌ಲೈಟ್ ಡೂಮ್ ಬಿಚ್ಚಿ ಮೀಟರಿನ ಹಿಂದಿನ ಕನೆಕ್ಟರ್ ಹುಡುಕಿ. ಮಲ್ಟಿಮೀಟರ್ 20 ವೋಲ್ಟ್ ಡಿಸಿಯಲ್ಲಿರಲಿ, ಕಪ್ಪು ಮೊನೆ ಬ್ಯಾಟರಿಯ ನೆಗೆಟಿವ್ ಮೇಲಿರಲಿ, ಕೀ ಆಫ್ ಇರಲಿ. ಕೆಂಪು ಮೊನೆಯನ್ನು ಕನೆಕ್ಟರಿನ ಒಂದೊಂದು ಪಿನ್ನಿಗೆ ಹಿಂಬದಿಯಿಂದ ತಾಗಿಸುತ್ತಾ ಹೋದರೆ ಒಂದರಲ್ಲಾದರೂ ಬ್ಯಾಟರಿಯಷ್ಟೇ ವೋಲ್ಟೇಜ್ ಸಿಗಬೇಕು. ಎಲ್ಲಿಯೂ ಸಿಗದಿದ್ದರೆ ವಾಯರು ನಡುವೆ ಕಡಿದಿದೆ. ಕಳ್ಳರ ಅಲಾರ್ಮ್, ಜಿಪಿಎಸ್, ಫಾಗ್ ಲೈಟ್ ಕೂರಿಸಿದ್ದರೆ ಅದನ್ನು ಜೋಡಿಸಿ ಟೇಪ್ ಸುತ್ತಿದ ಜಾಗವನ್ನೇ ಮೊದಲು ಬಿಚ್ಚಿ ನೋಡಿ. ಒಂದು ಪಿನ್ನಿನಲ್ಲಿ ಪೂರ್ತಿ ವೋಲ್ಟೇಜ್ ಬಂದು, ಆ ಪಿನ್ ಮೀಟರಿಗೆ ಗಟ್ಟಿಯಾಗಿ ಕೂತಿದ್ದರೂ ಗಡಿಯಾರ ಮರೆಯುತ್ತಿದ್ದರೆ ಮಾತ್ರ ದೋಷ ಮೀಟರಿನದು.

ಇನ್ನು ಸೆಲ್ಫ್ ಒತ್ತಿದಾಗ ಮರೆಯುವ ಪ್ರಕರಣ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಅರ್ಧಕ್ಕರ್ಧ ಇಳಿದಿದೆ. ಸೆಲ್ಫ್ ಒತ್ತಿ ಹಿಡಿದಾಗ 10ಕ್ಕಿಂತ ಕೆಳಗೆ ಬೀಳಬಾರದು. ತೀರಾ ಕೆಳಗೆ ಬಿದ್ದರೆ ಮೀಟರಿನ ಚಿಪ್ ಆರಿ ಹೊಸದಾಗಿ ಶುರುವಾಗುತ್ತದೆ. ಹೊಸ ಬ್ಯಾಟರಿಯಲ್ಲೂ ಹೀಗಾಗುತ್ತದೆ: ಆಸಿಡ್ ತುಂಬಿದ ಕೂಡಲೇ ಮೊದಲ ಚಾರ್ಜ್ ಮಾಡದೆ ಗಾಡಿಗೆ ಕೂರಿಸಿದರೆ ಆ ಬ್ಯಾಟರಿ ಮುಂದೆಂದೂ ಪೂರ್ತಿ ಬಲಕ್ಕೆ ಬರುವುದಿಲ್ಲ. ಎಂಜಿನ್ ಚಾಲೂ ಮಾಡಿ ಸುಮಾರು 4000–5000 ಆರ್‌ಪಿಎಂಗೆ ಏರಿಸಿದಾಗ 13.8ರಿಂದ 14.8 ವೋಲ್ಟ್ ಕಾಣಬೇಕು. 13 ದಾಟದಿದ್ದರೆ ಚಾರ್ಜಿಂಗ್ ಇಲ್ಲ. 15 ದಾಟಿದರೆ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ಭಾಗ) ಕೆಟ್ಟಿದೆ, ಅದನ್ನು ಹಾಗೇ ಬಿಟ್ಟರೆ ಮೀಟರ್ ನಿಜವಾಗಿಯೂ ಸುಡುತ್ತದೆ.

ಬ್ಯಾಟರಿ ಒಳ್ಳೆಯದಿದ್ದರೂ ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವ್ ವಾಯರು ಗಾಡಿಯ ಲೋಹಕ್ಕೆ ಸೇರುವ ಜೋಡಣೆ, ಸಡಿಲವಿದ್ದರೆ ಇದೇ ತೊಂದರೆ. ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಪೇಂಟಿಲ್ಲದ ಲೋಹದ ಮೇಲೆ ಇಟ್ಟು ಸೆಲ್ಫ್ ಒತ್ತಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಬೋಲ್ಟ್ ಬಿಚ್ಚಿ, ಲಗ್ ಮತ್ತು ಚೆಸ್ಸಿ ಎರಡನ್ನೂ ಸ್ಯಾಂಡ್‌ಪೇಪರಿನಿಂದ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿ.

ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಸಾಕು, ಮೀಟರ್ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಅಂಚಿಗೆ ಒಂದು ತೂತು ಕೊರೆದರೆ ಆವಿ ಹೋಗುತ್ತದೆ ಎಂದು ಒಬ್ಬರು ಹೇಳಿದರು. ಕೊರೆಸಲೇ? — ಮಾಳಮಡ್ಡಿ, ಧಾರವಾಡ

ಕೊರೆಸಬೇಡಿ. ಆವಿ ಹೋಗುವ ತೂತಿನಿಂದಲೇ ನೀರು, ಧೂಳು ಒಳಗೆ ಬರುತ್ತವೆ. ಮೀಟರಿಗೆ ಉಸಿರಾಡುವ ಸಣ್ಣ ಕಿಂಡಿ ಕಂಪನಿಯೇ ಇಟ್ಟಿರುತ್ತದೆ, ಸಾಮಾನ್ಯವಾಗಿ ಹಿಂಬದಿಯಲ್ಲಿ, ಕೆಳಮುಖವಾಗಿ. ಅದು ಕೆಸರಿನಿಂದ ಕಟ್ಟಿಕೊಂಡಿದ್ದರೆ ಒಳಗಿನ ತೇವಕ್ಕೆ ದಾರಿಯಿಲ್ಲ. ಮೆತ್ತನೆಯ ಬ್ರಶ್ಶಿನಿಂದ ಬಿಡಿಸಿ.

ಗಾಜಿನ ಮೂಲೆಯಲ್ಲಿ ತೆಳ್ಳಗೆ ಮಂಜು ಕಟ್ಟಿ, ಗಾಡಿ ಓಡಿಸಿದ ಮೇಲೋ ಬಿಸಿಲಿಗೋ ಅರ್ಧ–ಮುಕ್ಕಾಲು ತಾಸಿನಲ್ಲಿ ಕರಗಿದರೆ ಅದು ರೋಗವಲ್ಲ. ಹನಿಯಾಗಿ ಇಳಿದು ಕೆಳಗೆ ನೀರು ನಿಂತರೆ ಗಾಜಿನ ಸುತ್ತಲ ರಬ್ಬರ್ ಗ್ಯಾಸ್ಕೆಟ್ ಸೋತಿದೆ. ಎಷ್ಟೋ ಸಲ ಇದಕ್ಕೆ ಮಳೆಗಿಂತ ವಾಶಿಂಗ್ ಸೆಂಟರಿನ ಪ್ರೆಶರ್ ಪಂಪ್ ಕಾರಣ. ಮಳೆ ಮೇಲಿನಿಂದ ಬೀಳುತ್ತದೆ, ಪಂಪಿನ ನೀರು ಮೀಟರಿನ ಹಿಂದಿನಿಂದ, ಕೆಳಗಿನಿಂದ, ಅಷ್ಟು ಒತ್ತಡದಲ್ಲಿ ನುಗ್ಗುತ್ತದೆ. ತೊಳೆಯುವವರಿಗೆ "ಮೀಟರಿಗೆ, ಸ್ವಿಚ್ಚಿಗೆ ಪ್ರೆಶರ್ ಬಿಡಬ್ಯಾಡ್ರಿ" ಎಂದು ನಿಂತು ಹೇಳಿ.

ಒಣಗಿಸುವ ಕ್ರಮ: ಬ್ಯಾಟರಿಯ ನೆಗೆಟಿವ್ ತೆಗೆದು ಮೀಟರ್ ಬಿಚ್ಚಿ. ಸ್ಕ್ರೂ ಮಾದರಿಯದಾಗಿದ್ದರೆ ಗಾಜು ಬೇರ್ಪಡಿಸಿ. ಗಾಳಿಯಾಡದ ದೊಡ್ಡ ಡಬ್ಬಿಯಲ್ಲಿ 100–200 ಗ್ರಾಂ ಸಿಲಿಕಾ ಜೆಲ್ ಜೊತೆ ಎರಡು ದಿನ ಮುಚ್ಚಿಡಿ. ಅಕ್ಕಿಯಲ್ಲಿ ಹುಗಿಯಬೇಡಿ, ಅದರ ಹಿಟ್ಟು ಬೋರ್ಡಿಗೆ ಅಂಟಿ ತೇವ ಹಿಡಿಯುತ್ತದೆ. ಹೇರ್ ಡ್ರೈಯರಿನ ಬಿಸಿಗೆ ಗಾಜಿನಂತೆ ಕಾಣುವ ಆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಸೂಜಿ ಇರುವ ಮೀಟರಾದರೆ ಗಾಡಿಯ ಮೇಲೆ ಹೇಗಿರುತ್ತದೋ ಹಾಗೇ ನೆಟ್ಟಗಿಡಿ, ಬೋರಲು ಹಾಕಿದರೆ ಕೆಲವು ಮಾದರಿಗಳಲ್ಲಿ ಸೂಜಿ ಜಾಗ ತಪ್ಪುತ್ತದೆ. ಮರುಜೋಡಣೆಗೆ ಮುಂಚೆ ಕನೆಕ್ಟರ್ ಪಿನ್ನುಗಳನ್ನು ನೋಡಿ. ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಳೆಯ ಹಲ್ಲಿನ ಬ್ರಶ್ಶಿನಿಂದ ಉಜ್ಜಿ. ಮಳೆಗೆಂದು ಮೀಟರಿಗೆ ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟುವವರೂ ಇದ್ದಾರೆ. ಅದು ತೇವವನ್ನು ಒಳಗೇ ಕೂಡಿಹಾಕುತ್ತದೆ.

ಹೊಲಕ್ಕ ಹೋಗಿ ಬಂದ ಮ್ಯಾಲ ಸ್ಪೀಡೋಮೀಟರ್ ಬಂದ್ ಆಗೇತಿ. ಕಿಲೋಮೀಟರೂ ಏರವಲ್ದು. ಮೀಟರ್‌ದಾಗ ಬಾಕಿ ಎಲ್ಲಾ ಸರಿ ಐತಿ. ಹಿಂದಿನ ವಾರ ಮುಂದಿನ ಗಾಲಿ ಪಂಕ್ಚರ್ ತಗಸಿದ್ವಿ. ಏನ್ ಆಗಿರಬಹುದ್ರಿ? — ನರಗುಂದ, ಗದಗ ಜಿಲ್ಲೆ

ಹೊಲ ಮತ್ತು ಪಂಕ್ಚರ್, ಎರಡೂ ಸುಳಿವು ನಿಮ್ಮ ಪತ್ರದಲ್ಲೇ ಇವೆ. ಹಸಿ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕಟ್ಟುತ್ತಾ ಹೋಗಿ ಗಾಲಿಯೇ ತಿರುಗದಷ್ಟು ಗಟ್ಟಿಯಾಗುತ್ತದೆ. ಆಗ ಎಕ್ಸಲೇಟರ್ ಕೊಟ್ಟು ಎಳೆದರೆ ಫೋರ್ಕಿನ ಪಕ್ಕ ಇಳಿದಿರುವ ಸ್ಪೀಡೋ ಕೇಬಲ್ಲನ್ನೋ ಸೆನ್ಸರ್ ವಾಯರನ್ನೋ ಆ ಮಣ್ಣಿನ ಗಡ್ಡೆ ಕಿತ್ತುಕೊಂಡು ಹೋಗುತ್ತದೆ. ನವಲಗುಂದ, ರೋಣದ ಕಡೆಯ ಗಾಡಿಗಳಿಗೂ ಇದೇ ಕಾಟ. ಕೋಲಿನಿಂದ ಮಣ್ಣು ಕೆದರಿ ತೆಗೆಯುವಾಗ ವಾಯರಿಗೆ ತಾಗದಂತೆ ನೋಡಿಕೊಳ್ಳಿ.

ನಿಮ್ಮದು ಕೇಬಲ್ ಗಾಡಿಯಾದರೆ ಮೇನ್ ಸ್ಟ್ಯಾಂಡ್ ಹಾಕಿ ಮುಂದಿನ ಗಾಲಿ ಎತ್ತಿ. ಮೀಟರಿನ ಕೆಳಗೆ ಕೇಬಲ್ ಹಿಡಿದಿರುವ ನಟ್ ಬಿಚ್ಚಿ, ಕೇಬಲ್ ತುದಿ ಹೊರಗೆಳೆದು, ಗಾಲಿ ಕೈಯಿಂದ ತಿರುಗಿಸಿ. ಒಳಗಿನ ಚೌಕ ತಂತಿ ತಿರುಗಿದರೆ ಕೇಬಲ್ ಸರಿ, ದೋಷ ಮೀಟರಿನದು. ತಿರುಗದಿದ್ದರೆ ಆ ತಂತಿಯನ್ನು ಮೇಲಕ್ಕೆ ಎಳೆಯಿರಿ. ತುಂಡಾಗಿದ್ದರೆ ಅರ್ಧವೇ ಕೈಗೆ ಬರುತ್ತದೆ. ಪೂರ್ತಿ ಬಂದು, ಎರಡೂ ತುದಿಯ ಚೌಕ ಸವೆಯದೇ ಇದ್ದರೆ ಗಾಲಿಯ ಹಬ್ಬಿನ ಪಕ್ಕದ ಸ್ಪೀಡೋ ಗೇರ್ ಬಿಚ್ಚಬೇಕು. ಪಂಕ್ಚರ್ ಮಾತು ಬರುವುದು ಇಲ್ಲಿಯೇ. ಆ ಗೇರಿನೊಳಗಿನ ಎರಡು ಕಿವಿಗಳು ಹಬ್ಬಿನ ಖಾಚಿನಲ್ಲಿ ಕೂತ ಮೇಲೆ ಆಕ್ಸಲ್ ಬಿಗಿಯಬೇಕು. ಕೂರುವ ಮೊದಲೇ ಬಿಗಿದರೆ ಕಿವಿಗಳು ಮಡಚುತ್ತವೆ ಇಲ್ಲವೇ ಮುರಿಯುತ್ತವೆ. ಗಾಲಿ ಏನೋ ತಿರುಗುತ್ತದೆ, ಗೇರ್ ತಿರುಗುವುದಿಲ್ಲ. ಹೊಸ ಕೇಬಲ್ ಹಾಕುವಾಗ ಒಳತಂತಿಯ ಕೆಳಗಿನ ಮುಕ್ಕಾಲು ಭಾಗಕ್ಕೆ ಮಾತ್ರ ತೆಳುವಾಗಿ ಗ್ರೀಸ್ ಹಚ್ಚಿ. ಮೇಲಿನ ಒಂದು ಗೇಣು ಒಣಗಿರಲಿ. ಅಲ್ಲಿಯೂ ಹಚ್ಚಿದರೆ ಗ್ರೀಸ್ ಮೀಟರಿನೊಳಕ್ಕೆ ಏರಿ ಸೂಜಿ ಅಂಟುತ್ತದೆ.

ಸೆನ್ಸರ್ ಗಾಡಿಯಾದರೆ ಸೆನ್ಸರ್ ಮುಂದಿನ ಗಾಲಿಯ ಹತ್ತಿರವೋ ಚೈನ್ ಸ್ಪ್ರಾಕೆಟ್ ಬಳಿ ಗೇರ್‌ಬಾಕ್ಸಿನ ಮೇಲೋ ಇರುತ್ತದೆ. ಸಾಮಾನ್ಯವಾಗಿ ಮೂರು ವಾಯರು: ಸಪ್ಲೈ, ಅರ್ತ್, ಸಿಗ್ನಲ್. ಕೀ ಆನ್ ಮಾಡಿದಾಗ ಸಪ್ಲೈನಲ್ಲಿ 5 ವೋಲ್ಟ್, ಕೆಲವು ಮಾಡೆಲ್‌ಗಳಲ್ಲಿ 12 ವೋಲ್ಟ್ ಬರಬೇಕು. ಸಿಗ್ನಲ್ ವಾಯರಿಗೆ ಮಲ್ಟಿಮೀಟರ್ ಇಟ್ಟು ಆ ಗಾಲಿಯನ್ನು ಬಹಳ ನಿಧಾನಕ್ಕೆ ತಿರುಗಿಸಿ. ವೋಲ್ಟೇಜ್ ಏರಿ ಇಳಿದು, ಮತ್ತೆ ಏರಿ ಇಳಿಯಬೇಕು. ಸಪ್ಲೈ ಇದ್ದೂ ಸಿಗ್ನಲ್ ಅಲುಗದಿದ್ದರೆ ಸೆನ್ಸರ್ ಹೋಗಿದೆ. ಸೆನ್ಸರ್ ಬಳಿ ಏರಿಳಿದು, ಮೀಟರಿನ ಕನೆಕ್ಟರಿನಲ್ಲಿ ಅಲುಗದಿದ್ದರೆ ವಾಯರು ಕಡಿದಿದೆ. ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ತುದಿಯವರೆಗೆ ತಿರುಗಿಸಿದಾಗ ವಾಯರು ಎಲ್ಲಿ ಮಡಚುತ್ತದೋ ಅಲ್ಲಿ ಹಿಡಿದು ಎಳೆದು ನೋಡಿ. ಮೇಲಿನ ಪ್ಲಾಸ್ಟಿಕ್ ಚೆನ್ನಾಗಿಯೇ ಇರುತ್ತದೆ, ಒಳಗಿನ ತಾಮ್ರ ತುಂಡಾಗಿ ಆ ಜಾಗ ರಬ್ಬರಿನಂತೆ ಹಿಗ್ಗುತ್ತದೆ.

125 ಸಿಸಿಗಿಂತ ಮೇಲಿನ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಗಾಲಿ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ. ಅಂಥ ಹಲವು ಗಾಡಿಗಳಲ್ಲಿ ವೇಗದ ಲೆಕ್ಕವೂ ಎಬಿಎಸ್ ಸೆನ್ಸರಿನಿಂದಲೇ ಬರುತ್ತದೆ. ಗಾಡಿ ಹೊರಟ ಮೇಲೂ ಎಬಿಎಸ್ ದೀಪ ಆರದಿದ್ದರೆ ಡಿಸ್ಕಿನ ಪಕ್ಕದ ತೂತುಗಳ ಉಂಗುರದಲ್ಲಿ ಎರೆಮಣ್ಣು ತುಂಬಿದೆಯೇ ನೋಡಿ, ತೊಳೆಯಿರಿ. ಆಗಲೂ ಉರಿದರೆ ಸರ್ವಿಸ್ ಸೆಂಟರಿಗೇ ಒಯ್ಯಿರಿ. ಬ್ರೇಕಿನ ವಿಷಯದಲ್ಲಿ ಮನೆಪ್ರಯೋಗ ಬೇಡ.

ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಬಿಸಿಲಿಗೆ ಗಾಡಿ ನಿಲ್ಲಿಸಿ ಬಂದರೆ ಡಿಸ್‌ಪ್ಲೇ ಪೂರ್ತಿ ಕಪ್ಪಾಗಿರುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿ ಸರಿಯಾಗುತ್ತದೆ. — ಬ್ಯಾಡಗಿ, ಹಾವೇರಿ ಜಿಲ್ಲೆ

ಎಲ್‌ಸಿಡಿಯೊಳಗಿನ ದ್ರವಹರಳು ಒಂದು ಮಟ್ಟ ಮೀರಿ ಕಾದಾಗ ತನ್ನ ಜೋಡಣೆ ಕಳೆದುಕೊಳ್ಳುತ್ತದೆ, ತಣಿದರೆ ಮರಳಿ ಪಡೆಯುತ್ತದೆ. ಹೊರಗೆ 38 ಡಿಗ್ರಿ ಇದ್ದಾಗ ನಿಂತ ಗಾಡಿಯ ಮುಚ್ಚಿದ ಮೀಟರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಬೇಗ ಸರಿಯಾಗಲೆಂದು ತಣ್ಣೀರು ಸುರಿಯಬೇಡಿ. ನೆರಳು ಸಿಗದಿದ್ದರೆ ಬಿಳಿ ಬಟ್ಟೆ ಹೊದಿಸಿ. ತಣಿದ ಮೇಲೂ ಕಲೆಯೋ ಕಾಮನಬಿಲ್ಲಿನ ಬಣ್ಣವೋ ಉಳಿದರೆ ಎಲ್‌ಸಿಡಿಯ ಮೇಲೆ ಅಂಟಿಸಿರುವ, ಬೆಳಕನ್ನು ಸೋಸುವ ತೆಳು ಪೋಲರೈಸರ್ ಹಾಳೆ ಸುಟ್ಟಿದೆ. ಆ ಹಾಳೆಯನ್ನಷ್ಟೇ ಬದಲಿಸಬಹುದು, ಮೀಟರ್ ರಿಪೇರಿ ಮಾಡುವವರಲ್ಲಿ ವಿಚಾರಿಸಿ. ಅಂಕಿಯ ಒಂದೆರಡು ಗೆರೆ ಮಾತ್ರ ಕಾಣದಿದ್ದರೆ ಅದು ಬಿಸಿಲಿನದಲ್ಲ. ಎಲ್‌ಸಿಡಿಗೂ ಬೋರ್ಡಿಗೂ ನಡುವಿನ ರಬ್ಬರ್ ಪಟ್ಟಿಯ ಸಂಪರ್ಕ ಸಡಿಲಿದೆ.

ಗಡಿಯಾರ ತಿಂಗಳಿಗೆ ಒಂದು ನಿಮಿಷ ಹಿಂದೆ ಬೀಳುತ್ತದೆ. ರಿಪೇರಿ ಆಗುತ್ತದೆಯೇ? — ಹಾವೇರಿ

ರಿಪೇರಿ ಬೇಕಿಲ್ಲ. ಸಮಯ ಎಣಿಸುವ ಸಣ್ಣ ಸ್ಫಟಿಕ ಸಾಮಾನ್ಯವಾಗಿ ಸೆಕೆಂಡಿಗೆ 32,768 ಸಲ ಮಿಡಿಯುವಂಥದ್ದು. ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚುಕಡಿಮೆ ಅದರ ಗುಣದಲ್ಲೇ ಇದೆ, ಅದೇ ತಿಂಗಳಿಗೆ ಸುಮಾರು 50 ಸೆಕೆಂಡ್ ಆಗುತ್ತದೆ. ಹೆಚ್ಚು ಕಾದರೂ ಹೆಚ್ಚು ತಣಿದರೂ ಅದು ನಿಧಾನವಾಗುತ್ತದೆ. ದಿನಕ್ಕೆ ಐದು–ಹತ್ತು ನಿಮಿಷ ತಪ್ಪಿದರೆ ಮಾತ್ರ ಮೊದಲ ಉತ್ತರದಲ್ಲಿ ಹೇಳಿದ ಸಪ್ಲೈ ಪರೀಕ್ಷೆ ಮಾಡಿ.

ಸರ್ವಿಸ್ ಆದಾಗಿನಿಂದ ಆರ್‌ಪಿಎಂ ಗೆರೆಗಳು ಕುಣಿಯುತ್ತವೆ, ಕೆಲವೊಮ್ಮೆ ಅಂಕಿಗಳೆಲ್ಲ ಆರಿ ಹತ್ತುತ್ತವೆ. ಬದಲಿಸಿದ್ದು ಆಯಿಲ್ ಮತ್ತು ಪ್ಲಗ್ ಮಾತ್ರ. — ರಾಣೆಬೆನ್ನೂರು

ಪ್ಲಗ್ ಬಿಚ್ಚಿ ಅದರ ಮೇಲಿನ ನಂಬರ್ ಓದಿ, ಮ್ಯಾನ್ಯುಯಲ್‌ನಲ್ಲಿರುವ ನಂಬರಿನೊಂದಿಗೆ ಅಕ್ಷರಕ್ಕಕ್ಷರ ಹೋಲಿಸಿ. ಹಲವು ಕಂಪನಿಗಳ ನಂಬರಿನಲ್ಲಿ ಬರುವ 'ಆರ್' ಅಕ್ಷರ ಒಳಗೆ ಸುಮಾರು 5,000 ಓಮ್‌ನ ರೆಸಿಸ್ಟರ್ ಇರುವುದನ್ನು ಹೇಳುತ್ತದೆ. ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದರೂ ಎಂಜಿನ್ ಚೆನ್ನಾಗಿಯೇ ನಡೆಯುತ್ತದೆ. ಆದರೆ ಪ್ರತಿ ಕಿಡಿಗೂ ಏಳುವ ರೇಡಿಯೋ ಅಲೆ ಪಕ್ಕದ ವಾಯರಿಗೆ ಹತ್ತಿ ಮೀಟರನ್ನು ದಾರಿ ತಪ್ಪಿಸುತ್ತದೆ. ಪ್ಲಗ್ ಸರಿಯಿದ್ದರೆ ಪ್ಲಗ್ ಕ್ಯಾಪ್ ಸಡಿಲವಿದೆಯೇ, ಸೀಳಿದೆಯೇ ನೋಡಿ. ರಿಲೇ (ಹೆಚ್ಚು ಕರೆಂಟನ್ನು ಬೇರೆ ದಾರಿಯಲ್ಲಿ ಹರಿಸುವ ಸ್ವಿಚ್) ಇಲ್ಲದೆ ಹಾಕಿಸಿದ ದೊಡ್ಡ ಹಾರ್ನ್, ಅಗ್ಗದ ಎಲ್‌ಇಡಿ ಬಲ್ಬ್ ಕೂಡ ಇದನ್ನೇ ಮಾಡುತ್ತವೆ. ಒಂದೊಂದಾಗಿ ಕಳಚಿ ಪರೀಕ್ಷಿಸಿ.

ಟ್ಯಾಂಕ್ ಅರ್ಧ ಇದ್ದರೂ ಪೆಟ್ರೋಲ್ ಗೆರೆ ಒಮ್ಮೊಮ್ಮೆ ಪೂರ್ತಿ ಖಾಲಿ ತೋರಿಸಿ ಮಿನುಗುತ್ತದೆ. — ಲಕ್ಷ್ಮೇಶ್ವರ

ಟ್ಯಾಂಕಿನೊಳಗಿನ ಫ್ಲೋಟ್ ಮೇಲೆ ಕೆಳಗೆ ಆಡುತ್ತಾ ಒಂದು ರೆಸಿಸ್ಟರ್ ಪಟ್ಟಿಯ ಮೇಲೆ ಜಾರುತ್ತದೆ. ಅರ್ಧದ ಆಸುಪಾಸಿನ ಜಾಗ ಹೆಚ್ಚು ಉಜ್ಜಿ ಸವೆದರೆ ಅಲ್ಲಿ ಸಂಪರ್ಕ ತಪ್ಪುತ್ತದೆ. ಮೊದಲು ಟ್ಯಾಂಕ್ ಕೆಳಗಿನ ಕನೆಕ್ಟರ್ ತೆಗೆದು ಸ್ವಚ್ಛ ಮಾಡಿ ಕೂರಿಸಿ. ಅಷ್ಟಕ್ಕೆ ಹೋಗದಿದ್ದರೆ ಸೆಂಡರ್ ಯೂನಿಟ್ (ಫ್ಲೋಟ್, ಪಟ್ಟಿ ಎರಡೂ ಇರುವ ಭಾಗ) ಹೊರಗೆ ತೆಗೆಸಿ, ಮಲ್ಟಿಮೀಟರ್ ಓಮ್‌ನಲ್ಲಿಟ್ಟು ಫ್ಲೋಟ್ ನಿಧಾನಕ್ಕೆ ಎತ್ತಿ ಇಳಿಸಿ. ಅಂಕಿ ಸರಾಗವಾಗಿ ಬದಲಾಗಬೇಕು, ನಡುವೆ ಜಿಗಿದರೆ ಸೆಂಡರ್ ಬದಲಿಸಿ. ಈ ಕೆಲಸ ಬಯಲಿನಲ್ಲಿ, ಎಂಜಿನ್ ತಣಿದ ಮೇಲೆ, ಬ್ಯಾಟರಿ ಬಿಚ್ಚಿಯೇ ಮಾಡಬೇಕು. ಇಂಜೆಕ್ಷನ್ ಗಾಡಿಯಲ್ಲಿ ಸೆಂಡರ್ ಪೆಟ್ರೋಲ್ ಪಂಪಿನೊಂದಿಗೆ ಸೇರಿರುವುದು ಸಾಮಾನ್ಯ, ಅಂಥದ್ದನ್ನು ಮೆಕ್ಯಾನಿಕ್ ಕೈಗೇ ಕೊಡಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿ ನಿಂತಾಗಿನ ಗೆರೆ ಲೆಕ್ಕಕ್ಕಿಲ್ಲ.

ಮೀಟರ್ ಬದಲಿಸಿದ ಮೇಲೆ ಓಡಿದ ಕಿಲೋಮೀಟರ್ ಸೊನ್ನೆ ಆಗಿದೆ. ಮುಂದೆ ಮಾರುವಾಗ ತೊಂದರೆಯೇ? — ಬೆಟಗೇರಿ, ಗದಗ

ಹಳೆಯ ಮೀಟರಿನ ಕೊನೆಯ ಅಂಕಿಯ ಫೋಟೋ, ಬದಲಿಸಿದ ದಿನಾಂಕವಿರುವ ಬಿಲ್, ಸರ್ವಿಸ್ ಪುಸ್ತಕದಲ್ಲಿ ಸೀಲು ಹಾಕಿಸಿದ ನಮೂದು, ಈ ಮೂರೂ ನಿಮ್ಮಲ್ಲಿರಲಿ, ಕೊಳ್ಳುವವರಿಗೆ ತೋರಿಸಿ. ಇಷ್ಟು ಮಾಡದೆ ಕಡಿಮೆ ಓಡಿದ ಗಾಡಿಯೆಂದು ಮಾರಿದರೆ ಅದು ಮೋಸ.

ಸುಗ್ಗಿ ಸಮಯಕ್ಕೆ ಎರಡು ತಿಂಗಳು ಊರಿಗೆ ಹೋಗುತ್ತೇನೆ. ಗಾಡಿ ಇಲ್ಲೇ ನಿಂತಿರುತ್ತದೆ. ಗಡಿಯಾರ ಬ್ಯಾಟರಿ ತಿನ್ನುತ್ತದೆಯೇ? — ನವನಗರ, ಹುಬ್ಬಳ್ಳಿ

ತಿನ್ನುತ್ತದೆ. ಕೀ ಆಫ್ ಇದ್ದಾಗ ಗಾಡಿ 2 ಮಿಲಿಆಂಪ್ ಎಳೆಯುತ್ತದೆ ಎಂದಿಟ್ಟುಕೊಂಡರೆ ಅರವತ್ತು ದಿನಕ್ಕೆ 2.9 ಆಂಪಿಯರ್–ಅವರ್. 5 ಆಂಪಿಯರ್–ಅವರ್ ಬ್ಯಾಟರಿಯಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಬ್ಯಾಟರಿ ತನ್ನಷ್ಟಕ್ಕೆ ಇಳಿಯುವುದು ಬೇರೆ. ನಿಮ್ಮ ಗಾಡಿ ಎಷ್ಟು ಎಳೆಯುತ್ತದೆಂದು ಅಳೆಯಲು ಕೀ ಆಫ್ ಮಾಡಿ ನೆಗೆಟಿವ್ ವಾಯರು ಬಿಚ್ಚಿ, ಮಲ್ಟಿಮೀಟರನ್ನು ಮೊದಲು 10 ಆಂಪ್‌ನಲ್ಲಿ, ಅಂಕಿ ಸಣ್ಣದಿದ್ದರೆ ಮಿಲಿಆಂಪ್‌ನಲ್ಲಿಟ್ಟು ವಾಯರಿಗೂ ಟರ್ಮಿನಲ್ಲಿಗೂ ನಡುವೆ ಸೇರಿಸಿ. ಆ ಹೊತ್ತಿನಲ್ಲಿ ಕೀ ಆನ್ ಮಾಡಿದರೆ ಮಲ್ಟಿಮೀಟರಿನ ಫ್ಯೂಸ್ ಹಾರುತ್ತದೆ. ಜಿಪಿಎಸ್ ಅಥವಾ ಅಲಾರ್ಮ್ ಇಲ್ಲದ ಗಾಡಿ ಹತ್ತಾರು ಮಿಲಿಆಂಪ್ ಎಳೆಯುತ್ತಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೋ ಸೋರಿಕೆ ಅದರ ಹಾದಿಯಲ್ಲಿದೆ.

ಎರಡು ತಿಂಗಳಿಗಾದರೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಬಿಚ್ಚಿಡುವುದೇ ಒಳ್ಳೆಯದು. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ಪಾಸಿಟಿವ್ ಮೊದಲು. ಬಂದ ಮೇಲೆ ಗಡಿಯಾರ 12:00 ತೋರಿಸುವುದು ಸಹಜ. ಗಾಡಿ ನಿಂತಿರುವಾಗ ಕೀ ಆನ್ ಮಾಡಿ ಮೋಡ್ ಮತ್ತು ಸೆಟ್ ಬಟನ್ ಎರಡನ್ನೂ, ಕೆಲವು ಮಾಡೆಲ್‌ಗಳಲ್ಲಿ ಒಂದನ್ನೇ, ಎರಡು–ಮೂರು ಸೆಕೆಂಡ್ ಒತ್ತಿ ಹಿಡಿದರೆ ಗಂಟೆ ಮಿನುಗುತ್ತದೆ. ಮೊದಲು ಗಂಟೆ, ಆಮೇಲೆ ನಿಮಿಷ ಸರಿಮಾಡಿ. ಫೋನಿನೊಂದಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಹಲವು ಮೀಟರುಗಳು ಜೋಡಿಸಿದ ಕೂಡಲೇ ಸಮಯ ತಾವೇ ಹಿಡಿದುಕೊಳ್ಳುತ್ತವೆ.